ಚೆಂಡೆ ಕೇಳ್ತದಲ್ಲ, ಮತ್ತೆಂತ?

ಆ ರಾತ್ರಿ ನಮ್ಮ ಊರಿನ ಗದ್ದೆಯಲ್ಲಿ ಯಕ್ಷಗಾನ ಆಟ ಇತ್ತು. ಮೊಮ್ಮಗಳು ಪುಟ್ಟಿಗೆ ಆಗ ಮೂರು ವರ್ಷ. ಕರೆದರೆ ತಿರುಗುತ್ತಿರಲಿಲ್ಲ. ಆಟಕ್ಕೆ ಬಂದ ಉಳಿದ ಮಕ್ಕಳು ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ ಇಣುಕುತ್ತಿದ್ದರು, ಬಣ್ಣದ ವೇಷ ಕಂಡು ಅಮ್ಮಂದಿರ ಸೆರಗು ಹಿಡಿಯುತ್ತಿದ್ದರು. ಇವಳು ಮಾತ್ರ ನೇರ ಚೆಂಡೆಯವರ ಹತ್ತಿರ ಹೋಗಿ ನಿಂತಳು. ಪೆಟ್ಟು ಬಿದ್ದ ಹಾಗೆಲ್ಲ ಮೈ ಕುಣಿಸಿದಳು. ಎಳೆದು ತಂದರೆ ಮತ್ತೆ ಅಲ್ಲಿಗೇ ಓಡಿದಳು. ನನ್ನ ಪಕ್ಕದಲ್ಲಿ ಕೂತ ನೆಂಟರೊಬ್ಬರು ಹೇಳಿದರು: "ಚೆಂಡೆ ಕೇಳ್ತದಲ್ಲ, ಮತ್ತೆಂತ? ಕಿವಿ ಸರಿ ಉಂಟು ಮಾಸ್ಟ್ರೇ."

ನನಗೆ ಸಮಾಧಾನವಾಯಿತು. ಅದೇ ಸಮಾಧಾನದಲ್ಲಿ ಇನ್ನೂ ಆರೇಳು ತಿಂಗಳು ಹೋದವು.

ಪುಟ್ಟಿ ನನ್ನ ಮಗನ ಮಗಳು. 2015ರಲ್ಲಿ ಹುಟ್ಟಿದವಳು. ಅವಳಿಗೆ ಡೌನ್ ಸಿಂಡ್ರೋಮ್ ಇದೆ. ಅಂದರೆ ಜೀವಕೋಶಗಳಲ್ಲಿ 21ನೇ ಕ್ರೋಮೊಸೋಮ್ ಎರಡರ ಬದಲು ಮೂರು. ಕೂತದ್ದು ಒಂದು ವರ್ಷಕ್ಕೆ, ನಡೆದದ್ದು ಎರಡೂವರೆಗೆ. ಎಲ್ಲವೂ ನಿಧಾನ ಎಂದು ವೈದ್ಯರು ಮೊದಲೇ ಹೇಳಿದ್ದರು. ನಾವೂ ಹಾಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಮೂರು ವರ್ಷಕ್ಕೆ ಅವಳ ಬಾಯಲ್ಲಿ ಇದ್ದದ್ದು ನಾಲ್ಕು ಮಾತು: ಅಮ್ಮ, ಅಪ್ಪ, ಬಾ, ಬುವ. ಈಗ ಆ ನಾಲ್ಕನ್ನು ಬರೆಯುವಾಗ ನನಗೆ ಕಾಣುವುದು ಬೇರೆಯೇ. ಎಲ್ಲವೂ ತುಟಿಯಲ್ಲಿ ಕಾಣುವ ಅಕ್ಷರಗಳು. ಎಲ್ಲ ಮಕ್ಕಳೂ ಮೊದಲು ಕಲಿಯುವುದು ಇವನ್ನೇ, ಸರಿ. ಆದರೆ ಇವಳು ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನನಗೆ ಅದು ಹೊಳೆಯಲಿಲ್ಲ.

ಹೊಳೆಯದಿರಲು ಒಂದು ಕಾರಣ ಇತ್ತು. ಅವಳ ಪ್ರತಿ ತೊಂದರೆಗೂ ನಮ್ಮಲ್ಲಿ ಉತ್ತರ ಮೊದಲೇ ತಯಾರಿತ್ತು. ಕರೆದರೆ ತಿರುಗುವುದಿಲ್ಲ. ಅವಳು ಹಾಗೆಯೇ. ಹೇಳಿದ ಮಾತು ಕೇಳುವುದಿಲ್ಲ. ಅವಳು ಹಾಗೆಯೇ. ಮಾತು ಬರುವುದಿಲ್ಲ. ಡೌನ್ ಸಿಂಡ್ರೋಮ್ ಅಲ್ವಾ, ಅವಳು ಹಾಗೆಯೇ. ಕಿವಿಯ ಕಡೆ ಹೋಗಬೇಕಾದ ಪ್ರಶ್ನೆ ಈ ಉತ್ತರಕ್ಕೆ ತಾಗಿ ವಾಪಸ್ ಬರುತ್ತಿತ್ತು.

ನಮ್ಮ ಕಾಸರಗೋಡಿನ ಕಡೆ ಇನ್ನೊಂದು ಉತ್ತರವೂ ಇದೆ. ಬೆಳವಣಿಗೆ ನಿಧಾನ ಇರುವ ಮಗುವನ್ನು ಕಂಡರೆ ಸಾಕು, ದಾರಿಯಲ್ಲಿ ಸಿಕ್ಕವರು ತಗ್ಗಿದ ದನಿಯಲ್ಲಿ "ಎಂಡೋಸಲ್ಫಾನಾ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕದ ವಿಷ ಸುರಿದದ್ದನ್ನು ನಾವು ಕಣ್ಣಾರೆ ಕಂಡವರು. ಎಣ್ಮಕಜೆ, ಪಡ್ರೆ ಕಡೆಯ ಮನೆಗಳ ನೋವು ನಮಗೆ ಪತ್ರಿಕೆಯ ಸುದ್ದಿಯಲ್ಲ. ಪುಟ್ಟಿಯ ಕಾರಣ ಬೇರೆ. ಆದರೂ ನನಗೆ ಅನ್ನಿಸುವುದು ಇಷ್ಟು. ಕಾರಣ ಯಾವುದೇ ಇರಲಿ, ಮಗುವಿನ ಮೇಲೆ ಒಂದು ದೊಡ್ಡ ಹೆಸರು ಬಿದ್ದ ಮೇಲೆ ಅದರ ಕಿವಿ, ಕಣ್ಣು, ಹಲ್ಲು ಯಾರಿಗೂ ಕಾಣುವುದಿಲ್ಲ.

ಹುಟ್ಟಿದಾಗ ಕಿವಿ ಪರೀಕ್ಷೆ ಆಗಿತ್ತು. ಫೈಲಿನಲ್ಲಿ ಚೀಟಿ ಇತ್ತು, ಎರಡೂ ಕಿವಿ ಪಾಸ್. ಮಲಗಿದ ಮಗುವಿನ ಕಿವಿಗೆ ಸಣ್ಣದೊಂದು ಬಿರಡೆ ಇಟ್ಟು ಟಿಕ್ ಟಿಕ್ ಸದ್ದು ಬಿಡುತ್ತಾರೆ. ಒಳಕಿವಿಯ ಕೂದಲುಕೋಶಗಳು ಚೆನ್ನಾಗಿದ್ದರೆ ಒಂದು ಸಣ್ಣ ಮಾರ್ದನಿ ಹೊರಗೆ ಬರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಹೇಳುವುದು ಆ ದಿನದ ಸಂಗತಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮುಕ್ಕಾಲು ಪಾಲಿನವರಿಗೆ ಒಂದಲ್ಲ ಒಂದು ಬಗೆಯ ಕಿವಿ ತೊಂದರೆ ಬರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಹೀಗಿದೆ: ಎರಡೂ ಕಿವಿ ಬೇರೆ ಬೇರೆಯಾಗಿ ಸರಿಯಿದೆ ಎಂದು ಗೊತ್ತಾಗುವವರೆಗೆ ಈ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ನಾವು ಪಾಸ್ ಚೀಟಿಯನ್ನು ನಾಲ್ಕು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆವು.

ಮೊದಲು ಅನುಮಾನ ಪಟ್ಟದ್ದು ಅಂಗನವಾಡಿಯ ಟೀಚರ್. 2019ರ ಮಳೆಗಾಲ. ಪುಟ್ಟಿಯನ್ನು ಕರೆದುಕೊಂಡು ಬರಲು ಹೋಗಿದ್ದೆ. "ಮಾಸ್ಟ್ರೇ, ಎದುರು ಕೂತು ಹೇಳಿದ್ರೆ ಮಾಡ್ತಾಳೆ, ಹಿಂದಿನಿಂದ ಹೇಳಿದ್ರೆ ಇಲ್ಲ. ಮಳೆ ಜೋರಿದ್ರೆ ಎದುರು ಕೂತ್ರೂ ಇಲ್ಲ. ಒಮ್ಮೆ ಕಿವಿ ತೋರ್ಸಿ" ಎಂದರು. ಅಷ್ಟು ದೊಡ್ಡ ಆಸ್ಪತ್ರೆಗಳಿಗೆ ಅಲೆದಾಡಿದ ನಮಗೆ ಬೇಕಾದ ಮಾತು ಸಿಕ್ಕಿದ್ದು ಹಂಚಿನ ಮಾಡಿನ ಆ ಕೋಣೆಯಲ್ಲಿ. ಅವರ ಋಣ ದೊಡ್ಡದು.

ಮೊದಲು ಹೋದ ಕಡೆ ಒಬ್ಬರು ಅವಳ ಬೆನ್ನ ಹಿಂದೆ ನಿಂತು ಗಂಟೆ ಅಲ್ಲಾಡಿಸಿದರು, ಚಪ್ಪಾಳೆ ಹೊಡೆದರು. ಅವಳು ತಿರುಗಿದಳು. "ಕೇಳ್ತದೆ" ಎಂದರು. ಗಟ್ಟಿ ಚಪ್ಪಾಳೆಗೆ ಅರ್ಧ ಕೇಳುವ ಮಗುವೂ ತಿರುಗುತ್ತದೆ. ನೆರಳು ಅಲ್ಲಾಡಿದರೂ ತಿರುಗುತ್ತದೆ. ಚೆಂಡೆಯ ಸಂಗತಿಯೂ ಅದೇ. ಆ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಮಗುವಿಗೆ ಸದ್ದು ಕೇಳುತ್ತದೋ ಇಲ್ಲವೋ ಎನ್ನುವುದು ಬೇರೆ, ಮಾತು ಕಲಿಯುವಷ್ಟು ಕೇಳುತ್ತದೋ ಎನ್ನುವುದು ಬೇರೆ.

ಎರಡನೇ ಕಡೆ ಯಂತ್ರ ಇತ್ತು. ನಾಲ್ಕು ವರ್ಷದ ಮಗುವಿಗೆ ಮಾಡುವ ಪರೀಕ್ಷೆ ಎಂದು ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಒಂದೊಂದು ಕಟ್ಟಿಗೆಯ ತುಂಡು ಬುಟ್ಟಿಗೆ ಹಾಕಲು ಹೇಳಿದರು. ಅವಳು ಹೆಡ್‌ಫೋನ್ ಕಿತ್ತು ಎಸೆದಳು, ಬುಟ್ಟಿ ಕವುಚಿದಳು, ಮೇಜಿನಡಿ ಹೋಗಿ ಕೂತಳು. ಹತ್ತು ನಿಮಿಷದಲ್ಲಿ ಮುಗಿಯಿತು. ವರದಿಯಲ್ಲಿ ಒಂದೇ ಸಾಲು: ಮಗು ಸಹಕರಿಸಲಿಲ್ಲ. ಸೊಸೆ ಕಾರಿನಲ್ಲಿ ಇಡೀ ದಾರಿ ಮಾತಾಡಲಿಲ್ಲ.

ಮೂರನೆಯದು ಮಂಗಳೂರಿನಲ್ಲಿ. ಅಲ್ಲಿದ್ದ ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿ ಪರೀಕ್ಷಿಸುವವಳು, ಮಲಯಾಳದ ಹುಡುಗಿ. ನನ್ನನ್ನು "ಮಾಷೇ" ಎಂದು ಕರೆಯುತ್ತಿದ್ದಳು. ಕನ್ನಡವನ್ನು ಕೆಲಸಕ್ಕೆ ಬಂದ ಮೇಲೆ ಕಲಿತದ್ದಂತೆ, ಚೆನ್ನಾಗಿಯೇ ಮಾತಾಡುತ್ತಿದ್ದಳು. ಅವಳು ಮೊದಲು ಮುಟ್ಟಿದ್ದು ಯಂತ್ರವನ್ನಲ್ಲ. ನೆಲದ ಮೇಲೆ ಪುಟ್ಟಿಯ ಜೊತೆ ಅರ್ಧ ಗಂಟೆ ಆಡಿದಳು. ಆಮೇಲೆ ಹಳೆಯ ವರದಿ ಓದಿ ಹೇಳಿದಳು: "ಇವಳಿಗೆ ಹುಟ್ಟಿ ನಾಲ್ಕು ವರ್ಷ ಆಯ್ತು ಮಾಷೇ. ಆದ್ರೆ ಆಟದಲ್ಲಿ ಈಗ ಎರಡು ವರ್ಷದವಳು. ಎರಡು ವರ್ಷದ ಮಗುವಿಗೆ ಮಾಡುವ ಪರೀಕ್ಷೆಯೇ ಬೇರೆ."

ನಾನು ಸುಮ್ಮನೆ ಕೂತೆ. ಒಂದನೇ ಕ್ಲಾಸಿನ ಮಗುವಿಗೆ ಮೂರನೇ ಕ್ಲಾಸಿನ ಪ್ರಶ್ನೆಪತ್ರಿಕೆ ಕೊಟ್ಟು ನಪಾಸು ಮಾಡಿದ ಹಾಗೆ ಆಗಿತ್ತು.

ಅವಳು ಮಾಡಿದ ಪರೀಕ್ಷೆ ಹೀಗಿತ್ತು. ಹೊರಗಿನ ಸದ್ದು ಬಾರದ ಕೋಣೆ. ಅಮ್ಮನ ಮಡಿಲಲ್ಲಿ ಪುಟ್ಟಿ. ಎದುರು ಒಬ್ಬರು ಆಟಿಕೆ ತೋರಿಸುತ್ತಾ ಅವಳ ಗಮನ ಹಿಡಿದಿಡುತ್ತಾರೆ. ಪಕ್ಕದ ಸ್ಪೀಕರಿನಿಂದ ಒಂದು ಸದ್ದು ಬರುತ್ತದೆ. ತಿರುಗಿ ನೋಡಿದರೆ ಕಪ್ಪು ಗಾಜಿನ ಪೆಟ್ಟಿಗೆಯಲ್ಲಿ ದೀಪ ಹತ್ತಿ ಒಂದು ಮಂಗ ತಾಳ ಹಾಕುತ್ತದೆ. ಎರಡು ಮೂರು ಸಲ ಆದ ಮೇಲೆ ಮಗುವಿಗೆ ಗುಟ್ಟು ತಿಳಿಯುತ್ತದೆ. ಸದ್ದು ಕೇಳಿದ ಕೂಡಲೇ ಮಂಗನಿಗಾಗಿ ತಿರುಗುತ್ತದೆ. ಆಮೇಲೆ ಸದ್ದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗುತ್ತಾರೆ. ಸುಮಾರು ಆರು ತಿಂಗಳಿಂದ ಎರಡೂವರೆ ವರ್ಷದ ಬುದ್ಧಿಯ ಮಕ್ಕಳಿಗೆ ಇದು ಹೊಂದುತ್ತದೆ. ಹುಟ್ಟಿದ ತಾರೀಕು ಇಲ್ಲಿ ಲೆಕ್ಕಕ್ಕಿಲ್ಲ.

ಪುಟ್ಟಿ ಆ ದಿನ 'ಸಹಕರಿಸಿದಳು'. ಮಂಗನನ್ನು ನೋಡಿ ನಕ್ಕಳು. 50 ಡೆಸಿಬೆಲ್ಲಿಗಿಂತ ಕೆಳಗೆ ತಿರುಗಲಿಲ್ಲ.

ಪರೀಕ್ಷೆಯ ನಡುವೆ ಆ ಹುಡುಗಿ ನನ್ನನ್ನು ಕೇಳಿದ ಒಂದು ಪ್ರಶ್ನೆ ಇದೆ. "ಮಾಷೇ, ಮಾತಾಡುವಾಗ ಮಗು ನಿಮ್ಮ ಬಾಯಿಯನ್ನೇ ನೋಡ್ತದಾ?" ಹೌದು ಎಂದೆ. ಹೌದು ಎಂದ ಕೂಡಲೇ ನನಗೆ ಇನ್ನೊಬ್ಬ ಹುಡುಗನ ಮುಖ ಕಂಡಿತು.

ನಾನು ಮಾಸ್ಟ್ರಾಗಿ ಮೂರು ನಾಲ್ಕು ವರ್ಷ ಆಗಿತ್ತು. ಕನ್ನಡ ಮಾಧ್ಯಮದ ಶಾಲೆ, ಎರಡನೇ ಕ್ಲಾಸು. ಆ ಹುಡುಗನ ಒಂದು ಕಿವಿ ಸದಾ ಸೋರುತ್ತಿತ್ತು. ವಾಸನೆ ಬರುತ್ತದೆ ಎಂದು ಉಳಿದ ಮಕ್ಕಳು ದೂರ ಸರಿಯುತ್ತಿದ್ದರು. ನಾನು ಅವನನ್ನು ಹಿಂದಿನ ಬೆಂಚಿನ ಕೊನೆಗೆ, ಕಿಟಕಿಯ ಹತ್ತಿರ ಕೂರಿಸಿದೆ. ಉಕ್ತಲೇಖನದಲ್ಲಿ ಅವನು ಬರೆಯುತ್ತಿದ್ದುದಕ್ಕೂ ನಾನು ಹೇಳಿದ್ದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಪಾಠ ಮಾಡುವಾಗ ಅವನ ಕಣ್ಣು ನನ್ನ ಬಾಯಿಯ ಮೇಲೆಯೇ. ಎಷ್ಟು ಗಮನ ಕೊಡುತ್ತಾನೆ, ಆದರೂ ತಲೆಗೆ ಹೋಗುವುದಿಲ್ಲ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ನಾಲ್ಕನೇ ಕ್ಲಾಸಿಗೆ ಅವನು ಶಾಲೆ ಬಿಟ್ಟ. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಕರೆಯಲು ಯಾವ ಯಂತ್ರವೂ ಬೇಕಿರಲಿಲ್ಲ. ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ ಎಂದು ನನಗೆ ಗೊತ್ತಾದದ್ದು ನಿವೃತ್ತಿಯ ನಂತರ, ಮೊಮ್ಮಗಳ ಜೊತೆ ಕೂತಾಗ.

ಪುಟ್ಟಿಯ ಕಿವಿಯೊಳಗೆ ಏನಾಗಿತ್ತು ಎಂದರೆ, ಮೊದಲನೆಯದಾಗಿ ಗುಗ್ಗೆ. ಈ ಮಕ್ಕಳ ಕಿವಿಯ ದಾರಿ ತುಂಬ ಕಿರಿದು. ಕಿವಿ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನೋಡಿ ತೆಗೆಯಬೇಕಾಯಿತು. ತೆಗೆದ ಮೇಲೆ ಟಿಂಪನೊಮೆಟ್ರಿ ಎಂಬ ಪರೀಕ್ಷೆ. ಕಿವಿಯ ದಾರಿಯಲ್ಲಿ ಗಾಳಿಯ ಒತ್ತಡ ಹೆಚ್ಚು ಕಡಿಮೆ ಮಾಡಿ ಕಿವಿಯ ತಮಟೆ ಅಲ್ಲಾಡುತ್ತದೋ ನೋಡುತ್ತಾರೆ. ಸರಿಯಿದ್ದರೆ ಕಾಗದದ ಮೇಲೆ ಗುಡ್ಡದಂತೆ ಒಂದು ಗೆರೆ ಏಳುತ್ತದೆ. ಪುಟ್ಟಿಯದು ಎರಡೂ ಕಡೆ ಗದ್ದೆಯ ಹಾಗೆ ಚಪ್ಪಟೆ. ತಮಟೆಯ ಹಿಂದೆ ಗಾಳಿ ಇರಬೇಕಾದ ಜಾಗದಲ್ಲಿ ಅಂಟುಅಂಟಾದ ನೀರು ತುಂಬಿತ್ತು. ಮೂಗಿನ ಹಿಂಬದಿಯಿಂದ ಕಿವಿಗೆ ಗಾಳಿ ಒಯ್ಯುವ ಸಣ್ಣ ಕೊಳವೆ ಈ ಮಕ್ಕಳಲ್ಲಿ ಸಪೂರ, ಮೆತ್ತಗೆ. ಸರಿಯಾಗಿ ತೆರೆಯುವುದಿಲ್ಲ. ಜ್ವರವಿಲ್ಲ, ನೋವಿಲ್ಲ, ಸೋರುವುದಿಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಆ ನೀರು ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ. ಹಾಗಾಗಿ ಮಗುವಿಗೆ ಒಂದು ದಿನ ಕೇಳುತ್ತದೆ, ಮತ್ತೊಂದು ದಿನ ಇಲ್ಲ. ನಾವು ಇದಕ್ಕೂ ಒಂದು ಹೆಸರಿಟ್ಟಿದ್ದೆವು: "ಅವಳಿಗೆ ಬೇಕಾದಾಗ ಮಾತ್ರ ಕೇಳ್ತದೆ." ಹಠ ಎಂದುಕೊಂಡು ಎಷ್ಟು ಸಲ ಗದರಿದ್ದೇವೆ.

50 ಡೆಸಿಬೆಲ್ ಎಂದರೆ ಏನು ಎಂದು ಆ ಹುಡುಗಿ ನನಗೆ ಅರ್ಥ ಮಾಡಿಸಿದ್ದು ಕನ್ನಡದಲ್ಲೇ. ಹತ್ತಿರ ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ಅಂದರೆ ಮಾತಾಡುತ್ತಿದ್ದಾರೆ ಎಂದು ಮಗುವಿಗೆ ಗೊತ್ತಾಗುತ್ತದೆ. ಆದರೆ ಮಾತಿನ ಎಲ್ಲ ಅಕ್ಷರಗಳೂ ಒಂದೇ ಗಟ್ಟಿ ಇರುವುದಿಲ್ಲ. ಅ, ಆ, ಒ ಗಟ್ಟಿ. ಸ, ತ, ಕ ಬರೀ ಉಸಿರು. ಅವೇ ಮೊದಲು ಬಿದ್ದುಹೋಗುತ್ತವೆ. ತಟ್ಟೆ, ಕಟ್ಟೆ, ಹಟ್ಟಿ ಎಲ್ಲ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಆಗ ನೆನಪಾಯಿತು. ಸೊಸೆ "ತಟ್ಟೆ ತಾ" ಎಂದಾಗ ಪುಟ್ಟಿ ಹೋಗಿ ಜಗಲಿಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದೆವು. ಅವಳು ತನಗೆ ಕೇಳಿದ ಮಾತನ್ನು ಸರಿಯಾಗಿಯೇ ಪಾಲಿಸುತ್ತಿದ್ದಳು. ಇನ್ನೊಂದು, ಕನ್ನಡದಲ್ಲಿ ಅರ್ಥ ಇರುವುದು ಪದದ ಬಾಲದಲ್ಲಿ. ಮರಕ್ಕೆ, ಮರದಲ್ಲಿ, ಮರದಿಂದ. ನಾವು ಮಾತಾಡುವಾಗ ಆ ಬಾಲವನ್ನೇ ನುಂಗುತ್ತೇವೆ. ಅರ್ಧ ಕೇಳುವ ಮಗು ಅದನ್ನು ಎಲ್ಲಿಂದ ಕಲಿಯಬೇಕು?

ಈ ನೀರು ಕೆಲವೊಮ್ಮೆ ತಾನಾಗಿಯೇ ಹೋಗುತ್ತದೆ. ಮೂರು ತಿಂಗಳು ಕಾದು ನೋಡೋಣ ಎಂದರು ಡಾಕ್ಟರು. ಅದರ ನಡುವೆ ಬೇರಾ (BERA) ಎಂಬ ಪರೀಕ್ಷೆಗೆ ದಿನ ಕೊಟ್ಟರು. ಸ್ಪೀಕರಿನ ಪರೀಕ್ಷೆಯಲ್ಲಿ ಯಾವ ಕಿವಿ ಎಷ್ಟು ಕೇಳುತ್ತದೆ ಎಂದು ಬೇರೆ ಬೇರೆ ಗೊತ್ತಾಗುವುದಿಲ್ಲ, ಚೆನ್ನಾಗಿರುವ ಕಿವಿಯೇ ಉತ್ತರ ಕೊಡುತ್ತದೆ. ಬೇರಾದಲ್ಲಿ ಮಗು ಮಲಗಿರಬೇಕು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಗೆ ಬಿಟ್ಟ ಸದ್ದು ನರದ ದಾರಿಯಲ್ಲಿ ಮೆದುಳಿನ ಬುಡದವರೆಗೆ ಹೋಗುವುದನ್ನು ಅಲೆಗಳಾಗಿ ಹಿಡಿಯುತ್ತಾರೆ. ಮಗು ಉತ್ತರ ಹೇಳಬೇಕಾಗಿಲ್ಲ. ಅಲ್ಲಾಡದೆ ಮಲಗಿದರೆ ಸಾಕು.

ಅಷ್ಟೇ ಕಷ್ಟದ್ದು. ನಿದ್ದೆಗೆಟ್ಟು ಬಂದರೆ ಅಲ್ಲಿ ಮಲಗುತ್ತಾಳೆ ಎಂದು ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿದೆವು. ನಮ್ಮಲ್ಲಿಂದ ಮಂಗಳೂರಿಗೆ ಒಂದೂವರೆ ಗಂಟೆಯ ದಾರಿ. ಕುಂಬಳೆಯವರೆಗೆ ಅಜ್ಜಿ ಹಾಡಿದಳು. ಉಪ್ಪಳದವರೆಗೆ ನಾನು ಮುಖಕ್ಕೆ ನೀರು ಒರೆಸಿದೆ. ಮಂಜೇಶ್ವರ ದಾಟುವಾಗ ಮಗು ಗೊರಕೆ ಹೊಡೆಯುತ್ತಿತ್ತು. ಆಸ್ಪತ್ರೆ ಮುಟ್ಟುವಾಗ ಎಚ್ಚರವಾಗಿ ಹೂವಿನ ಹಾಗೆ ನಗುತ್ತಿತ್ತು. ನಿದ್ದೆಯ ಸಿರಪ್ ಕೊಡಲು ಅವರು ಹಿಂದೆಮುಂದೆ ನೋಡಿದರು. ಈ ಮಕ್ಕಳ ಉಸಿರಿನ ದಾರಿ ಕಿರಿದು, ಹೃದಯದ ತೊಂದರೆಯೂ ಹಲವರಿಗೆ ಇರುತ್ತದೆ. ಆ ದಿನ ಪರೀಕ್ಷೆ ಆಗಲಿಲ್ಲ.

ಡಿಸೆಂಬರಿನಲ್ಲಿ ಮತ್ತೆ ನೋಡಿದರೆ ಗೆರೆ ಹಾಗೆಯೇ ಚಪ್ಪಟೆ. ಆಗ ಡಾಕ್ಟರು ಒಂದು ದಾರಿ ಹೇಳಿದರು. ತಮಟೆಯಲ್ಲಿ ಸಣ್ಣ ತೂತು ಮಾಡಿ, ನೀರು ಹೀರಿ, ಗ್ರೊಮೆಟ್ ಎಂಬ ಪುಟ್ಟ ಕೊಳವೆ ಇಡುವುದು. ಅದಕ್ಕೆ ಅರಿವಳಿಕೆ ಹೇಗೂ ಬೇಕು. ಅದೇ ಹೊತ್ತಿಗೆ ಬೇರಾವನ್ನೂ ಮುಗಿಸುವುದು. ಎರಡು ಸಲ ಅರಿವಳಿಕೆ ಕೊಡುವ ಬದಲು ಒಂದೇ ಸಲ. ಅರಿವಳಿಕೆಯ ವೈದ್ಯರು ಕುತ್ತಿಗೆಯ ಬಗ್ಗೆ ವಿಚಾರಿಸಿದರು. ಡೌನ್ ಸಿಂಡ್ರೋಮ್ ಇರುವವರಲ್ಲಿ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ಹಿಡಿತ ಸಡಿಲ ಇರಬಹುದು, ಹಾಗಾಗಿ ತಲೆಯನ್ನು ಹೆಚ್ಚು ಬಗ್ಗಿಸಬಾರದು. ಆ ಪ್ರಶ್ನೆ ಕೇಳಿದ್ದು ನನಗೆ ಧೈರ್ಯ ಕೊಟ್ಟಿತು. ಮಗುವಿನ ಬಗ್ಗೆ ಗೊತ್ತಿದ್ದವರ ಕೈಯಲ್ಲಿ ಮಗು ಇತ್ತು.

2020ರ ಜನವರಿಯಲ್ಲಿ ಅದು ಆಯಿತು. ನೀರು ತೆಗೆದ ಮೇಲೂ ಎಡಗಿವಿ 50ರಲ್ಲೇ ನಿಂತಿತ್ತು, ಬಲಗಿವಿ 30ಕ್ಕೆ ಬಂದಿತ್ತು. ಕಿವಿಯ ಹಿಂದಿನ ಎಲುಬಿನ ಮೂಲಕ, ತಮಟೆಯನ್ನು ಬಿಟ್ಟು ನೇರ ಒಳಕಿವಿಗೆ ಸದ್ದು ಕಳಿಸಿ ನೋಡಿದರು. ಎಡಗಡೆ ಅಲ್ಲೂ ಹಾಗೆಯೇ. ಅಂದರೆ ಎಡಗಿವಿಯ ತೊಂದರೆ ನೀರಿನದು ಮಾತ್ರ ಅಲ್ಲ, ಒಳಕಿವಿಯದೂ ಹೌದು. ಅದನ್ನು ಯಾವ ಔಷಧಿಯೂ ಸರಿ ಮಾಡುವುದಿಲ್ಲ. ಶ್ರವಣಯಂತ್ರ ಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಅಭ್ಯಂಗ, ಬಿಸಿ ಮಾಡಿದ ತೆಂಗಿನೆಣ್ಣೆಯ ಎರಡು ಹನಿ ಕಿವಿಗೆ. ಶೀತವಾದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ತಲೆತಲಾಂತರದಿಂದ ಬಂದದ್ದು. ತಮಟೆಯಲ್ಲಿ ಕೊಳವೆ ಇರುವ ಕಿವಿಗೆ ಎಣ್ಣೆ ಹೋದರೆ ಅದು ನೇರ ನಡುಗಿವಿಗೆ ಇಳಿಯುತ್ತದೆ, ಸೋಂಕಾಗುತ್ತದೆ. ಅಜ್ಜಿಗೆ ಇದನ್ನು ಹೇಳುವುದು ಸುಲಭವಾಗಲಿಲ್ಲ. "ಇಷ್ಟು ದಿನ ನಾನೇ ಹಾಳು ಮಾಡಿದೆನಾ?" ಎಂದು ಅವಳು ಎರಡು ದಿನ ಕೊರಗಿದಳು. ಹಾಗಲ್ಲ ಎಂದು ಡಾಕ್ಟರ ಬಾಯಿಂದಲೇ ಹೇಳಿಸಬೇಕಾಯಿತು.

ಗ್ರೊಮೆಟ್ಟುಗಳು ಆರರಿಂದ ಹನ್ನೆರಡು ತಿಂಗಳಲ್ಲಿ ತಾವಾಗಿಯೇ ಹೊರಗೆ ಬರುತ್ತವೆ. ಪುಟ್ಟಿಯದು ಎಂಟು ತಿಂಗಳಿಗೆ ಬಂತು, ನೀರು ಮತ್ತೆ ತುಂಬಿತು. ಈ ಮಕ್ಕಳಲ್ಲಿ ಹೀಗಾಗುವುದು ಮಾಮೂಲು. ಮತ್ತೆ ಮತ್ತೆ ಆಪರೇಷನ್ ಮಾಡುವ ಬದಲು ಶ್ರವಣಯಂತ್ರವನ್ನೇ ಮುಂದುವರಿಸೋಣ ಎಂದು ನಿರ್ಧರಿಸಿದೆವು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಅಂಟುನೀರಿನಿಂದ ಕೇಳದಿದ್ದರೆ ಸಾಮಾನ್ಯವಾಗಿ ಶ್ರವಣಯಂತ್ರ ಕೊಡಬೇಕು ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2008ರಲ್ಲೇ ಹೇಳಿತ್ತಂತೆ.

ಯಂತ್ರ ಬಂದದ್ದು ಆಪರೇಷನ್ ಆದ ಮರುತಿಂಗಳು, 2020ರ ಫೆಬ್ರವರಿ ಕೊನೆಗೆ. ಮೊದಲ ವಾರ ಹತ್ತು ನಿಮಿಷ ಕೂಡ ಇಟ್ಟುಕೊಳ್ಳಲಿಲ್ಲ. ಅವಳ ಕಿವಿಯ ಹಾಳೆ ಸಣ್ಣದು, ಮೆತ್ತಗೆ. ಯಂತ್ರದ ಭಾರಕ್ಕೆ ಮಡಚುತ್ತಿತ್ತು. ಒಂದು ದಿನ ಕಿತ್ತು ಅಂಗಳಕ್ಕೆ ಎಸೆದಳು. ಅಂಗಳ ತುಂಬ ಒಣಹಾಕಿದ ಅಡಿಕೆ. ಮನೆಯವರೆಲ್ಲ ಬಗ್ಗಿ ಎರಡು ಗಂಟೆ ಹುಡುಕಿದೆವು. ಕೊನೆಗೆ ಅದರ ಕೂಯ್ ಎನ್ನುವ ಸದ್ದು ಹಿಡಿದು ಸೊಸೆ ಹೆಕ್ಕಿದಳು. ಆಮೇಲೆ ಅಂಗಿಗೆ ಸಿಕ್ಕಿಸುವ ದಾರ ಕಟ್ಟಿದೆವು, ತಲೆಗೆ ಬಟ್ಟೆಯ ಪಟ್ಟಿ ಹೊಲಿಸಿದೆವು. ಬ್ಯಾಟರಿಯ ಬಾಗಿಲಿಗೆ ಬೀಗ ಇರುವ ಯಂತ್ರವನ್ನೇ ಕೇಳಿ ಪಡೆದಿದ್ದೆವು. ಆ ಗುಂಡಿ ಬ್ಯಾಟರಿ ನುಂಗಿದರೆ ಗಂಟಲು ಸುಟ್ಟುಹೋಗುತ್ತದೆ, ಜೀವಕ್ಕೇ ಅಪಾಯ. ಮಕ್ಕಳಿರುವ ಮನೆಯವರು ಇದನ್ನು ಮರೆಯಬೇಡಿ.

ಹತ್ತು ನಿಮಿಷ ಇಪ್ಪತ್ತಾಗಿ, ಊಟದ ಹೊತ್ತು ದಾಟಿ, ಅರ್ಧ ದಿನಕ್ಕೆ ಬರುವಷ್ಟರಲ್ಲಿ ಮಾರ್ಚ್ ಕೊನೆಯಾಯಿತು. ಕೊರೋನಾ ಬಂತು, ಗಡಿಯ ದಾರಿಗಳಿಗೆ ಮಣ್ಣು ಸುರಿದರು.

ತಲಪಾಡಿಯಲ್ಲಿ ದಾರಿ ಮುಚ್ಚಿದರೆ ಕಾಸರಗೋಡಿನ ಉತ್ತರದವರಿಗೆ ಏನಾಗುತ್ತದೆ ಎಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. 1956ರಲ್ಲಿ ನಕಾಶೆಯಲ್ಲಿ ನಾವು ಕೇರಳಕ್ಕೆ ಸೇರಿದೆವು. ಕಾಯಿಲೆ ಬಂದಾಗ ಹೋಗುವುದು ಇವತ್ತಿಗೂ ಮಂಗಳೂರಿಗೆ. ಆ ದಿನಗಳಲ್ಲಿ ಆಂಬುಲೆನ್ಸು ಗಡಿಯಲ್ಲಿ ನಿಂತು ಜೀವ ಹೋದವರ ಸುದ್ದಿ ಬಂತು. ಅದರ ಮುಂದೆ ನಮ್ಮ ಕಷ್ಟ ಸಣ್ಣದು. ಆದರೂ ನಮ್ಮ ಮನೆಯೊಳಗೆ ಅದು ದೊಡ್ಡದೇ ಆಗಿತ್ತು. 13 ನಂಬ್ರದ ಬ್ಯಾಟರಿ ಮುಗಿಯಿತು. ಪೇಟೆಯಲ್ಲಿ ಅಂಗಡಿ ಇಲ್ಲ. ಆಡಿಯಾಲಜಿಸ್ಟ್ ಹುಡುಗಿ ಮೂರು ಪಟ್ಟಿ ಬ್ಯಾಟರಿಯನ್ನು ತರಕಾರಿ ಲಾರಿಯ ಡ್ರೈವರ ಕೈಯಲ್ಲಿ ಕಳಿಸಿದಳು. ಒಂದು ಕಾಗದದ ಪೊಟ್ಟಣ, ಮೇಲೆ ಕನ್ನಡದಲ್ಲಿ 'ಪುಟ್ಟಿಯ ಕಿವಿ' ಎಂದು ಬರೆದಿತ್ತು.

ಯಂತ್ರವನ್ನು ಕಿವಿಯಲ್ಲಿ ಕೂರಿಸುವ ಅಚ್ಚು ಮಾತ್ರ ಲಾರಿಯಲ್ಲಿ ಬರುವಂಥದ್ದಲ್ಲ. ಮಗು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗುತ್ತದೆ. ಸಡಿಲವಾದರೆ ಯಂತ್ರ ಕೂಗುತ್ತದೆ. ಹೊಸ ಅಚ್ಚಿಗೆ ಕಿವಿಯೊಳಗೆ ಮೆತ್ತನೆಯ ಹಿಟ್ಟಿನಂಥದ್ದು ತುಂಬಿ ಅಳತೆ ತೆಗೆಯಬೇಕು, ಅದಕ್ಕೆ ಕೈಬಳಕೆ ಇರುವವರೇ ಬೇಕು. ಎಡಗಿವಿಯ ಯಂತ್ರವನ್ನು ಎರಡು ತಿಂಗಳಿಗೂ ಹೆಚ್ಚು ತೆಗೆದಿಟ್ಟೆವು. ಹೊಸದಾಗಿ ಬಂದಿದ್ದ 'ಕಾಕ', 'ತಾತಾ' ಎಂಬ ಮಾತು ಎರಡೂ ಆ ಮಳೆಗಾಲದಲ್ಲಿ ಹೋದವು.

ಮಳೆಗಾಲವೇ ಇನ್ನೊಂದು ಶತ್ರು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಯಂತ್ರದ ಸಣ್ಣ ನಳಿಗೆಯಲ್ಲಿ ನೀರು ಕಟ್ಟಿ ಸದ್ದು ನಿಲ್ಲುತ್ತದೆ. ರಾತ್ರಿ ಸಿಲಿಕಾ ಹರಳಿನ ಡಬ್ಬದಲ್ಲಿ ಮುಚ್ಚಿಡುತ್ತೇವೆ, ಬೆಳಿಗ್ಗೆ ಸೊಸೆ ತನ್ನ ಕಿವಿಗೆ ಹಿಡಿದು ಕೇಳಿ ನೋಡಿಯೇ ಮಗುವಿಗೆ ಹಾಕುವುದು. ಸತ್ತ ಯಂತ್ರ ಕಿವಿಯಲ್ಲಿದ್ದರೆ ಅದು ಬರೀ ಬಿರಡೆ. ಇದ್ದ ಕೇಳುವಿಕೆಯನ್ನೂ ಮುಚ್ಚುತ್ತದೆ.

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ನಿಂತೆ. ಮನೆಯಲ್ಲಿ ಕನ್ನಡ, ಅಂಗಳದಾಚೆ ತುಳು, ಮುಂದೆ ಹೋಗಬೇಕಾದ, ವಿಶೇಷ ಮಕ್ಕಳ ಬಡ್ಸ್ ಶಾಲೆಯಲ್ಲಿ ಮಲಯಾಳ. "ಇಂಥ ಮಗುವಿಗೆ ಒಂದೇ ಭಾಷೆ ಸಾಕು, ಮಲಯಾಳ ಮಾತ್ರ ಮಾತಾಡಿ" ಎಂದು ಒಬ್ಬರು ಸಲಹೆ ಕೊಟ್ಟರು. ಕಿವಿಗೆ ಬೀಳುವ ಮಾತೇ ಕಡಿಮೆ ಇರುವ ಮಗುವಿನಿಂದ ಅಜ್ಜಿಯ ಮಾತನ್ನೂ ಕಿತ್ತುಕೊಳ್ಳುವುದೇ? ಎರಡು ಭಾಷೆಯ ಮನೆಯಲ್ಲಿ ಬೆಳೆಯುವ ಡೌನ್ ಸಿಂಡ್ರೋಮಿನ ಮಕ್ಕಳು ಅದರಿಂದ ಹಿಂದೆ ಬೀಳುವುದಿಲ್ಲ ಎಂದು ಸಂಶೋಧನೆಗಳು ಹೇಳುತ್ತವೆ. ಮಾತಿನ ಥೆರಪಿಸ್ಟ್ ಕೂಡ ಅದನ್ನೇ ಹೇಳಿದರು. ಕೈಸನ್ನೆಯನ್ನೂ ಸೇರಿಸಿ ಎಂದರು. ಸನ್ನೆ ಕಲಿತರೆ ಮಾತು ಬರಲಿಕ್ಕಿಲ್ಲ ಎಂಬ ಹೆದರಿಕೆ ನನಗಿತ್ತು. ಆದದ್ದು ತಿರುಗಿ. ಈ ಮಕ್ಕಳಿಗೆ ಕಣ್ಣಿನ ನೆನಪು ಗಟ್ಟಿ. ನೀರು ಎಂಬ ಸನ್ನೆ ಬಂದು ಎರಡು ತಿಂಗಳಿಗೆ "ನೀ" ಎಂಬ ಮಾತು ಬಂತು.

ಪರೀಕ್ಷೆಗೂ ಭಾಷೆ ಬೇಕು. ಒಮ್ಮೆ ಚಿತ್ರ ತೋರಿಸಿ "ಸೇಬು ಎಲ್ಲಿ?" ಎಂದು ಕೇಳಿದರು. ಪುಟ್ಟಿ ಮುಟ್ಟಲಿಲ್ಲ. ಕೇಳಲಿಲ್ಲ ಎಂದು ಬರೆಯುವಷ್ಟರಲ್ಲಿ ಸೊಸೆ "ನಮ್ಮಲ್ಲಿ ಆಪಲ್ ಅಂತಲೇ ಹೇಳುವುದು" ಎಂದಳು. ಆಪಲ್ ಎಂದ ಕೂಡಲೇ ಮುಟ್ಟಿದಳು. ಆ ದಿನದಿಂದ ಹೋಗುವಾಗೆಲ್ಲ ನಮ್ಮ ಮನೆಯ ಮಾತುಗಳ ಒಂದು ಪಟ್ಟಿ ಬರೆದುಕೊಂಡು ಹೋಗುತ್ತೇನೆ.

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಇಂಥ ಮಗು ಇದ್ದರೆ ದಯವಿಟ್ಟು ಕೇಳಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕನ್ನಡದಲ್ಲೇ ಪರೀಕ್ಷೆ, ತರಬೇತಿ ಎಲ್ಲ ಆಗುತ್ತದೆ. ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಆದಾಯ ನೋಡಿ ಶ್ರವಣಯಂತ್ರ ಉಚಿತವಾಗಿಯೋ ಕಡಿಮೆ ದರಕ್ಕೋ ಸಿಗುತ್ತದೆ. ತೀರಾ ಕೇಳದ ಸಣ್ಣ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಲು ಕೇರಳದಲ್ಲಿ ಶ್ರುತಿತರಂಗಂ ಯೋಜನೆ ಇದೆ. ಪರೀಕ್ಷೆ ಮಾಡುವವರ ಹತ್ತಿರ, ಮಗುವಿನ ಬುದ್ಧಿಯ ವಯಸ್ಸಿಗೆ ಹೊಂದುವ ಪರೀಕ್ಷೆ ಯಾವುದು ಎಂದು ಕೇಳಿ. ಸಹಕರಿಸಲಿಲ್ಲ ಎಂಬ ವರದಿ ಹಿಡಿದುಕೊಂಡು ಮನೆಗೆ ಬರಬೇಡಿ. ಇನ್ನೊಂದು ದಿನ ಕೇಳಿ, ಇನ್ನೊಂದು ಕಡೆ ಹೋಗಿ.

ಕಟ್ಟಿಗೆಯ ತುಂಡು ಬುಟ್ಟಿಗೆ ಹಾಕುವ ಆ ಹಳೆಯ ಪರೀಕ್ಷೆಗೆ ನಾವು ಮನೆಯಲ್ಲೇ ತಯಾರಿ ಶುರು ಮಾಡಿದೆವು. ಕಟ್ಟಿಗೆ ಯಾಕೆ, ಅಂಗಳದಲ್ಲಿ ಅಡಿಕೆ ಇದೆಯಲ್ಲ. ಒಂದು ಖಾಲಿ ಹಾರ್ಲಿಕ್ಸ್ ಡಬ್ಬ. ಜಗಲಿಯಲ್ಲಿ ನಾನು, ಎದುರು ಪುಟ್ಟಿ. ಅಡಿಕೆಯನ್ನು ಕೆನ್ನೆಯ ಹತ್ತಿರ ಹಿಡಿದು ಕಾಯಬೇಕು. ಅಜ್ಜಿ ಒಳಗಿನಿಂದ ಲೋಟಕ್ಕೆ ಚಮಚ ತಾಗಿಸಿದರೆ ಡಬ್ಬಕ್ಕೆ ಹಾಕಬೇಕು. ಮೊದಮೊದಲು ಅವಳ ಕೈ ಹಿಡಿದು ನಾನೇ ಹಾಕಿಸುತ್ತಿದ್ದೆ. ಕಾಯುವುದೇ ಅವಳಿಗೆ ಕಷ್ಟ. ಸದ್ದಿಲ್ಲದೆಯೂ ಹಾಕುತ್ತಿದ್ದಳು, ಡಬ್ಬ ತುಂಬುವುದೇ ಆಟ ಎಂದುಕೊಂಡಿದ್ದಳು. ಒಂದು ವರ್ಷಕ್ಕೂ ಜಾಸ್ತಿ ದಿನಾ ಸಂಜೆ ಆಡಿದೆವು. ಕೆಲವು ಸಂಜೆ ಅವಳೇ ಡಬ್ಬ ತಂದು ನನ್ನ ಮಡಿಲಲ್ಲಿ ಇಡುತ್ತಿದ್ದಳು.

2022ರ ಬೇಸಗೆಯಲ್ಲಿ ಅದೇ ಡಬ್ಬ ಹಿಡಿದು ಮಂಗಳೂರಿಗೆ ಹೋದೆವು. ಪುಟ್ಟಿಗೆ ಏಳು ವರ್ಷ. ಯಂತ್ರ ಹಾಕಿಕೊಂಡು ಎಷ್ಟು ಕೇಳುತ್ತದೆ ಎಂದು ನೋಡುವ ಪರೀಕ್ಷೆ. ನಾನು ಅವಳ ಹಿಂದೆ ಕುರ್ಚಿಯಲ್ಲಿ ಕೂತೆ. ಸ್ಪೀಕರಿನಿಂದ ದಪ್ಪ ಸದ್ದುಗಳು ಬಂದವು. ಒಂದು ಅಡಿಕೆ ಬಿತ್ತು, ಇನ್ನೊಂದು ಬಿತ್ತು. ಸದ್ದು ಸಣ್ಣದಾಗುತ್ತಾ ಹೋಯಿತು, ಅವಳು ಹಾಕುತ್ತಾ ಹೋದಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಕೋಣೆ ಸುಮ್ಮನಾಯಿತು. ಏನೂ ಇಲ್ಲ. ಪುಟ್ಟಿ ಅಡಿಕೆ ಹಾಕಿದಳು. ಅಯ್ಯೋ, ಹಳೆಯ ಅಭ್ಯಾಸ ಬಂತು ಎಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಳು. ಮತ್ತೆ ಒಂದು. ನಾನು ಗಾಜಿನಾಚೆ ಕೂತ ಹುಡುಗಿಗೆ ತಪ್ಪು ಎಂದು ಕೈಸನ್ನೆ ಮಾಡಿದೆ. ಅವಳು ಎದ್ದು ಬಾಗಿಲು ತೆರೆದು ಬಂದಳು.

"ತಪ್ಪಲ್ಲ ಮಾಷೇ, ಎಲ್ಲ ಸರಿ ಹಾಕಿದ್ದಾಳೆ. ಅದು 4000 ಹರ್ಟ್ಸಿನ ಸದ್ದು, ಸಪೂರ ಸ್ವರ. 35 ಡೆಸಿಬೆಲ್ಲಿಗೂ ಹಾಕಿದಳು." ಆಮೇಲೆ ಸ್ವಲ್ಪ ತಡೆದು ಕೇಳಿದಳು, "ನಿಮಗೆ ಕೇಳಿಸ್ಲಿಲ್ವಾ?"

ಇಲ್ಲ ಎಂದೆ.

"ಹೇಗೂ ಬಂದಿದ್ದೀರಲ್ಲ. ನಿಮ್ಮದೂ ನೋಡೋಣ."

ಪುಟ್ಟಿಯನ್ನು ಕುರ್ಚಿಯಿಂದ ಇಳಿಸಿ ನಾನು ಅಲ್ಲಿ ಕೂತೆ. ಹುಡುಗಿ ನನ್ನ ತಲೆಗೆ ಹೆಡ್‌ಫೋನ್ ಇಟ್ಟಳು, ಸದ್ದು ಕೇಳಿದಾಗ ಒತ್ತಲು ಒಂದು ಗುಂಡಿ ಕೊಟ್ಟಳು. ಪುಟ್ಟಿ ಅದನ್ನು ನೋಡಿದಳು. ಒಪ್ಪಿಗೆಯಾಗಲಿಲ್ಲ. ಗುಂಡಿಯನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. ಡಬ್ಬವನ್ನು ನನ್ನ ಮಡಿಲಲ್ಲಿ ಇಟ್ಟು, ಒಂದು ಅಡಿಕೆ ಆರಿಸಿ ನನ್ನ ಬೆರಳ ನಡುವೆ ಸಿಕ್ಕಿಸಿದಳು. ಆ ಕೈಯನ್ನು ಹಿಡಿದು ನನ್ನ ಕೆನ್ನೆಯ ಹತ್ತಿರ ತಂದು, ಹಾಗೆಯೇ ಹಿಡಿದುಕೊಂಡು ಕಾದಳು.